ಓದುಗರ ಪ್ರಶ್ನೆ: ಆಪರೇಷನ್ಸ್ ಮುಖ್ಯಸ್ಥರು ಎಲ್ಲಿಂದ ಬರುತ್ತಾರೆ?

ಆಪರೇಷನ್ಸ್ ಮತ್ತು ಸಪ್ಲೈ ಚೈನ್ ವಿಭಾಗಗಳ ಉನ್ನತ ಹುದ್ದೆಗೆ ಏರಿದವರ ಹಿನ್ನೆಲೆ ಏನು, ಅಲ್ಲಿಗೆ ದಾರಿ ಯಾವುದು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಈ ಹುದ್ದೆಗಳಲ್ಲಿ ಇರುವವರೆಲ್ಲ ಎಂಜಿನಿಯರುಗಳೇ? ಎಂಬಿಎ ಇಲ್ಲದವರಿಗೆ ಬಾಗಿಲು ಮುಚ್ಚಿದಂತೆಯೇ?

ಎಂಜಿನಿಯರಿಂಗ್ ಓದಿದವರು ಹೆಚ್ಚು, ನಿಜ. ಆಪಲ್‌ನ ಟಿಮ್ ಕುಕ್ 1982ರಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮುಗಿಸಿದವರು, ಎಂಬಿಎ ಮಾಡಿದ್ದು ಕೆಲಸದಲ್ಲಿದ್ದಾಗಲೇ, 1988ರಲ್ಲಿ. 1998ರ ಮಾರ್ಚ್‌ನಲ್ಲಿ ಆಪಲ್ ಸೇರುವ ಮೊದಲು ಐಬಿಎಂನಲ್ಲಿ 12 ವರ್ಷ, ಆಮೇಲೆ ಕಂಪ್ಯೂಟರ್ ಮಾರಾಟದ ಒಂದು ಸಂಸ್ಥೆ, ಕೊನೆಗೆ ಕಾಂಪ್ಯಾಕ್‌ನಲ್ಲಿ ಕೆಲವೇ ತಿಂಗಳು. ಅವರ ನಂತರ ಸಿಒಒ (ಮುಖ್ಯ ಕಾರ್ಯಾಚರಣಾಧಿಕಾರಿ) ಆದ ಜೆಫ್ ವಿಲಿಯಮ್ಸ್ ಮೆಕ್ಯಾನಿಕಲ್ ಎಂಜಿನಿಯರ್. ಅವರೂ ಐಬಿಎಂನಿಂದ ಬಂದವರೇ, ಆಪಲ್‌ನಲ್ಲಿ ಶುರು ಮಾಡಿದ್ದು ಖರೀದಿಯ ಮುಖ್ಯಸ್ಥರಾಗಿ. 2025ರಲ್ಲಿ ಆ ಕುರ್ಚಿಗೆ ಬಂದ ಸಬೀಹ್ ಖಾನ್ 1995ರಲ್ಲಿ ಅದೇ ಕಂಪನಿಯ ಖರೀದಿ ವಿಭಾಗ ಸೇರಿದವರು, ಓದಿದ್ದು ಅರ್ಥಶಾಸ್ತ್ರ ಮತ್ತು ಮೆಕ್ಯಾನಿಕಲ್ ಎರಡನ್ನೂ.

ಇಷ್ಟನ್ನೇ ನೋಡಿದರೆ ಪದವಿಯೇ ದಾರಿ ಅನ್ನಿಸುತ್ತದೆ. ಆದರೆ ಅಮೆಜಾನ್‌ನ ಗೋದಾಮು ಜಾಲವನ್ನು ಕಟ್ಟಿ ಬೆಳೆಸಿದ ಡೇವ್ ಕ್ಲಾರ್ಕ್ ಮೊದಲು ಓದಿದ್ದು ಸಂಗೀತ ಶಿಕ್ಷಣ. ಎಂಬಿಎ ಮುಗಿಸಿದ ಕೂಡಲೇ, 1999ರಲ್ಲಿ, ಅಮೆಜಾನ್‌ನ ಕಾರ್ಯಾಚರಣೆಗೆ ಇಳಿದರು. ಟೊಯೊಟಾ ಉತ್ಪಾದನಾ ಪದ್ಧತಿಯ ಹಿಂದಿನ ಮಿದುಳು ಎನಿಸಿದ ತಾಯಿಚಿ ಓನೊ ಅವರಿಗೆ ವಿಶ್ವವಿದ್ಯಾಲಯದ ಪದವಿಯೇ ಇರಲಿಲ್ಲ. ತಾಂತ್ರಿಕ ಶಾಲೆ ಮುಗಿಸಿ 1932ರಲ್ಲಿ ಟೊಯೊಡಾ ಗುಂಪಿನ ನೂಲಿನ ಗಿರಣಿ ಸೇರಿದರು, 1943ರಲ್ಲಿ ಕಾರಿನ ಕಂಪನಿಗೆ ಬಂದರು, ಮಷಿನ್ ಶಾಪ್ ನೋಡಿಕೊಂಡರು, 1975ರಲ್ಲಿ ಕಾರ್ಯನಿರ್ವಾಹಕ ಉಪಾಧ್ಯಕ್ಷರಾದರು. ವಾಲ್‌ಮಾರ್ಟ್‌ನ ಸಿಇಒ ಆದ ಡೌಗ್ ಮ್ಯಾಕ್‌ಮಿಲನ್ 1984ರಲ್ಲಿ ಅದೇ ಕಂಪನಿಯ ವಿತರಣಾ ಕೇಂದ್ರದಲ್ಲಿ ಬೇಸಿಗೆ ರಜೆಯಲ್ಲಿ ಲಾರಿಯ ಸರಕು ಇಳಿಸುತ್ತಿದ್ದ ಹುಡುಗ.

ಓದಿಗಿಂತ ಹೆಚ್ಚು ಸಾಮ್ಯ ಕಾಣುವುದು ಅಡ್ಡ ಹೆಜ್ಜೆಗಳಲ್ಲಿ. ಮೇಲಕ್ಕೆ ಹೋಗುವ ಮೊದಲು ಇವರಲ್ಲಿ ಅನೇಕರು ಪಕ್ಕಕ್ಕೆ ಹೋಗಿದ್ದಾರೆ. ಜನರಲ್ ಮೋಟಾರ್ಸ್‌ನ ಮೇರಿ ಬಾರಾ 1980ರಲ್ಲಿ, 18ನೇ ವಯಸ್ಸಿನಲ್ಲಿ, ಓದುತ್ತಲೇ ಕಾರ್ಖಾನೆಯಲ್ಲಿ ಕೆಲಸ ಶುರು ಮಾಡಿದರು. ಜೋಡಣಾ ಘಟಕದ ಮುಖ್ಯಸ್ಥೆ, 2009ರಲ್ಲಿ ಮಾನವ ಸಂಪನ್ಮೂಲ, ಆಮೇಲೆ ಉತ್ಪನ್ನ ಅಭಿವೃದ್ಧಿ, 2013ರಲ್ಲಿ ಅದರ ಜೊತೆಗೆ ಖರೀದಿ ಮತ್ತು ಸಪ್ಲೈ ಚೈನ್, 2014ರ ಜನವರಿಯಲ್ಲಿ ಸಿಇಒ. ನಡುವಿನ ಆ ಮಾನವ ಸಂಪನ್ಮೂಲದ ಹುದ್ದೆಯನ್ನು ಆಗ ಯಾರಾದರೂ ಹಿನ್ನಡೆ ಎಂದಿದ್ದರೆ ಆಶ್ಚರ್ಯವಿಲ್ಲ. ವಾಲ್‌ಮಾರ್ಟ್‌ನ ಲೀ ಸ್ಕಾಟ್ 1979ರಲ್ಲಿ ಸಾಗಣೆ ವಿಭಾಗಕ್ಕೆ ಬಂದವರು. ತೊಂಬತ್ತರ ದಶಕದಲ್ಲಿ ಅವರನ್ನು ಸರಕು ಆಯ್ಕೆಯ ವಿಭಾಗಕ್ಕೆ ಹಾಕಿದರು. ಲಾರಿ ಓಡಿಸುವ ಲೆಕ್ಕ ಬಲ್ಲವರು ಯಾವ ಸರಕನ್ನು ಎಷ್ಟು ಕೊಳ್ಳಬೇಕು ಎಂಬ ಲೆಕ್ಕವನ್ನೂ ಕಲಿತರು. 2000ದಲ್ಲಿ ಸಿಇಒ ಆದರು.

ಪ್ರಶ್ನೆ: ಖರೀದಿ ವಿಭಾಗದಲ್ಲಿ ಏಳು ವರ್ಷವಾಯಿತು. ಸೀನಿಯರ್ ಮ್ಯಾನೇಜರ್ ಬಡ್ತಿ ಸಿಗುವ ಹೊತ್ತಿಗೇ ಪ್ಲಾನಿಂಗ್‌ನಲ್ಲಿ ಈಗಿನ ದರ್ಜೆಯದೇ ಒಂದು ಹುದ್ದೆ ಖಾಲಿಯಾಗಿದೆ. ಯಾವುದು ಜಾಣತನ?

ಪ್ಲಾನಿಂಗ್. ಬೇಡಿಕೆಯನ್ನು ಅಂದಾಜಿಸಿ ದಾಸ್ತಾನು ಎಷ್ಟಿರಬೇಕೆಂದು ನಿರ್ಧರಿಸುವ ವಿಭಾಗ ಅದು. ಏಳು ವರ್ಷದ ಖರೀದಿಗೆ ಇನ್ನೆರಡು ವರ್ಷದ ಖರೀದಿ ಸೇರಿಸಿದರೆ ನಿಮ್ಮ ತಿಳಿವಳಿಕೆ ಅಷ್ಟೇನೂ ಬೆಳೆಯುವುದಿಲ್ಲ.

ಕಾರಣ ಒಂದು ಲೆಕ್ಕದಲ್ಲಿದೆ. ಒಂದು ಬಿಡಿಭಾಗವನ್ನು ವರ್ಷಕ್ಕೆ 12,000 ಕೊಳ್ಳುತ್ತೀರಿ, ತಿಂಗಳಿಗೆ 1,000ದ ಆರ್ಡರ್. ಒಂದೇ ಸಲಕ್ಕೆ 6,000 ಎತ್ತಿದರೆ ಶೇಕಡ 4 ರಿಯಾಯಿತಿ ಎನ್ನುತ್ತಾನೆ ಸಪ್ಲೈಯರ್. ಖರೀದಿಯವರ ಲೆಕ್ಕದಲ್ಲಿ ವರ್ಷಕ್ಕೆ 480 ಭಾಗಗಳ ಬೆಲೆ ಉಳಿಯಿತು, ಚಪ್ಪಾಳೆ. ಆದರೆ ಸರಾಸರಿ ದಾಸ್ತಾನು ಆರ್ಡರ್ ಗಾತ್ರದ ಅರ್ಧ. ಮೊದಲು 500 ಇದ್ದದ್ದು ಈಗ 3,000. ಹೆಚ್ಚುವರಿ 2,500. ಬಡ್ಡಿ, ಜಾಗ, ವಿಮೆ, ಹಾಳಾಗುವುದು, ವಿನ್ಯಾಸ ಬದಲಾದಾಗ ಗುಜರಿಗೆ ಹೋಗುವುದು ಎಲ್ಲ ಸೇರಿ ದಾಸ್ತಾನು ಹೊರುವ ವೆಚ್ಚ ವರ್ಷಕ್ಕೆ ಶೇಕಡ 20 ಎಂದಿಟ್ಟುಕೊಂಡರೆ 500 ಭಾಗಗಳ ಬೆಲೆ ಹೋಯಿತು. 480 ಉಳಿಸಲು 500 ಖರ್ಚು. ಖರೀದಿಯಲ್ಲೇ ಬೆಳೆದವರಿಗೆ ಈ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅದು ಬೇರೆಯವರ ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಸಿಒಒ ಆಗಬೇಕಾದವರು ಎರಡೂ ಪುಸ್ತಕಗಳನ್ನು ಒಟ್ಟಿಗೆ ಓದಬೇಕು.

ಪ್ಲಾನಿಂಗ್‌ಗೆ ಹೋದ ಮೇಲೆ ಕನಿಷ್ಠ 18 ತಿಂಗಳು ಅಲ್ಲಿರಿ. ಅದಕ್ಕಿಂತ ಬೇಗ ಹೊರಟರೆ ನೀವು ಮಾಡಿದ ಮುನ್ನಂದಾಜಿನ ಫಲ ನೋಡುವ ಮೊದಲೇ ಕುರ್ಚಿ ಬಿಟ್ಟಿರುತ್ತೀರಿ. ಮೂರು ವರ್ಷ ದಾಟಬೇಡಿ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಮುಂದಿನ ಜಾಗ ಕಾರ್ಖಾನೆಯೋ ಗೋದಾಮೋ ಎಂದು ಮೇಲಧಿಕಾರಿಯ ಜೊತೆ ಮಾತಾಡಿರಿ. ಮತ್ತೊಂದು ಮಾತು: ಪಕ್ಕದ ಹೆಜ್ಜೆ ಇಡುವಾಗ ಸಂಬಳ ಹೆಚ್ಚಳಕ್ಕೆ ಪಟ್ಟು ಹಿಡಿಯುವುದಕ್ಕಿಂತ, 'ಈ ದಾಸ್ತಾನಿನ ಗುರಿ ನನ್ನ ಹೆಸರಿನಲ್ಲಿರುತ್ತದೆ' ಎಂದು ಬರಹದಲ್ಲಿ ಪಡೆಯುವುದು ಮೇಲು. ಹೊಣೆಯಿಲ್ಲದ ಅನುಭವಕ್ಕೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ.

ಪ್ರಶ್ನೆ: ರೆಸ್ಯೂಮೆಯಲ್ಲಿ 'ದಾಸ್ತಾನು ಇಳಿಸಿದೆ, ಸೇವಾ ಮಟ್ಟ ಏರಿಸಿದೆ' ಎಂದು ಬರೆದಿದ್ದೇನೆ. ಕರೆ ಬರುತ್ತಿಲ್ಲ. ಏನು ತಪ್ಪು?

ಆ ಎರಡು ವಾಕ್ಯ ಎಲ್ಲರ ರೆಸ್ಯೂಮೆಯಲ್ಲೂ ಇರುತ್ತವೆ. ಓದುವವರಿಗೆ ಬೇಕಾದದ್ದು ನಾಲ್ಕು ಸಂಗತಿ: ಎಷ್ಟರಿಂದ ಎಷ್ಟಕ್ಕೆ, ಎಷ್ಟು ತಿಂಗಳಲ್ಲಿ, ಯಾವ ಕೆಲಸದಿಂದ, ಬದಲಿಗೆ ಏನನ್ನು ಕೆಡಿಸದೆ.

ದಾಸ್ತಾನನ್ನು ಹಣದಲ್ಲಿ ಬರೆಯಬೇಡಿ, ದಿನಗಳಲ್ಲಿ ಬರೆಯಿರಿ. ದಾಸ್ತಾನಿನ ಮೌಲ್ಯವನ್ನು ವರ್ಷದಲ್ಲಿ ಮಾರಾಟವಾದ ಸರಕಿನ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿದರೆ ದಿನ ಸಿಗುತ್ತದೆ. ವರ್ಷದ ವೆಚ್ಚ 365 ಕೋಟಿ, ದಾಸ್ತಾನು 60 ಕೋಟಿ ಎಂದರೆ 60 ದಿನ. ಅದನ್ನು 45ಕ್ಕೆ ಇಳಿಸಿದರೆ 15 ಕೋಟಿ ನಗದು ಬಿಡುಗಡೆ. ಇದು ಒಂದೇ ಸಲ ಸಿಗುವ ನಗದು, ಪ್ರತಿ ವರ್ಷದ ಲಾಭವಲ್ಲ. ಇವೆರಡನ್ನು ಬೆರೆಸಿ ಬರೆದ ರೆಸ್ಯೂಮೆಯನ್ನು ಹಣಕಾಸು ಮುಖ್ಯಸ್ಥರು ಮೊದಲ ಪುಟದಲ್ಲೇ ಪಕ್ಕಕ್ಕಿಡುತ್ತಾರೆ. ಲಾಭದಲ್ಲಿ ಕಾಣುವುದು ಆ 15 ಕೋಟಿಯನ್ನು ಹೊರುವ ವೆಚ್ಚ ಉಳಿದದ್ದು ಮಾತ್ರ.

ಸೇವಾ ಮಟ್ಟದಲ್ಲಿ, ಅಂದರೆ ಗ್ರಾಹಕ ಕೇಳಿದ್ದರಲ್ಲಿ ಎಷ್ಟು ಪಾಲು ಕೊಟ್ಟಿರಿ ಎಂಬುದರಲ್ಲಿ, ಇನ್ನೂ ದೊಡ್ಡ ಗೊಂದಲ. 'ಶೇಕಡ 98' ಎಂದರೆ ಯಾವ 98? ಪ್ರತಿ ಸಾಲಿನ (ಆರ್ಡರಿನ ಒಂದೊಂದು ಸರಕಿನ) ಲೆಕ್ಕವೋ, ಇಡೀ ಆರ್ಡರಿನ ಲೆಕ್ಕವೋ? ಹತ್ತು ಸಾಲುಗಳ ಆರ್ಡರಿನಲ್ಲಿ ಪ್ರತಿ ಸಾಲೂ ಸಿಗುವ ಸಾಧ್ಯತೆ ಶೇಕಡ 98 ಇದ್ದರೆ, ಹತ್ತೂ ಒಟ್ಟಿಗೆ ಸಿಗುವುದು ಸುಮಾರು ಶೇಕಡ 82 ಮಾತ್ರ. ಗ್ರಾಹಕ ನೋಡುವುದು 82ನ್ನು. ಹಾಗೆಯೇ ಸಮಯಕ್ಕೆ ಶೇಕಡ 95, ಪೂರ್ತಿಯಾಗಿ ಶೇಕಡ 95 ಎಂದರೆ ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ತಪ್ಪುವುದಾದರೆ ಒಟ್ಟು 90ರ ಆಸುಪಾಸು. ಯಾವ ಅಳತೆ ಬಳಸಿದಿರಿ ಎಂದು ಬರೆದರೇ ನಿಮಗೆ ವಿಷಯ ಗೊತ್ತಿದೆ ಎಂದು ಅರ್ಧ ತಿಳಿದುಹೋಗುತ್ತದೆ.

ಕೊನೆಗೆ, ಸಾಧನೆಯ ಪಾಲನ್ನು ಪ್ರಾಮಾಣಿಕವಾಗಿ ಹಂಚಿ. ಆಪಲ್‌ನಲ್ಲಿ ಸುಮಾರು ಒಂದು ತಿಂಗಳಷ್ಟಿದ್ದ ದಾಸ್ತಾನು 1998ರ ಹಣಕಾಸು ವರ್ಷದ ಕೊನೆಗೆ ಆರು ದಿನಕ್ಕೆ ಬಂದದ್ದು ಪ್ರಸಿದ್ಧ. ಅದರಲ್ಲಿ ಕುಕ್ ಅವರ ಪಾಲು ದೊಡ್ಡದು, ಆದರೆ ಸ್ಟೀವ್ ಜಾಬ್ಸ್ ಉತ್ಪನ್ನಗಳ ಪಟ್ಟಿಯನ್ನೇ ಕತ್ತರಿಸಿದ್ದು ಅದಕ್ಕೂ ಮೊದಲು ಶುರುವಾಗಿತ್ತು. ದಾಸ್ತಾನಿನ ದೊಡ್ಡ ಭಾಗ ಹುಟ್ಟುವುದು ಗೋದಾಮಿನಲ್ಲಲ್ಲ, ಉತ್ಪನ್ನಗಳ ಪಟ್ಟಿಯಲ್ಲಿ. ನಿಮ್ಮ ಸಂಸ್ಥೆಯಲ್ಲೂ ಅಂಥದ್ದೇನಾದರೂ ನಡೆದಿದ್ದರೆ ಹೇಳಿಬಿಡಿ. ಸಂದರ್ಶನದಲ್ಲಿ ಅವರೇ ಅಗೆದು ತೆಗೆಯುವುದಕ್ಕಿಂತ ಅದು ಲೇಸು.

ಪ್ರಶ್ನೆ: ನಾನು ಡಿಪ್ಲೊಮಾ ಮುಗಿಸಿದ ಉತ್ಪಾದನಾ ಮೇಲ್ವಿಚಾರಕಿ. ಪ್ರಮಾಣಪತ್ರಗಳು ಉಪಯೋಗಕ್ಕೆ ಬರುತ್ತವೆಯೇ, ಯಾವುದು?

ಬರುತ್ತವೆ, ಆದರೆ ಅವು ಬಾಗಿಲು ತಟ್ಟಲು ಮಾತ್ರ. 1957ರಲ್ಲಿ ಶುರುವಾದ ಎಪಿಕ್ಸ್, ಈಗ ಎಎಸ್‌ಸಿಎಂ ಎಂಬ ಹೆಸರಿನ ಸಂಸ್ಥೆ, ಎರಡು ಮುಖ್ಯ ಪರೀಕ್ಷೆ ನಡೆಸುತ್ತದೆ. ಸಿಪಿಐಎಂ ಕಾರ್ಖಾನೆಯ ಒಳಗಿನ ಯೋಜನೆ, ವೇಳಾಪಟ್ಟಿ, ದಾಸ್ತಾನಿಗೆ ಸಂಬಂಧಿಸಿದ್ದು. ಸಿಎಸ್‌ಸಿಪಿ ಸಪ್ಲೈಯರ್‌ನಿಂದ ಗ್ರಾಹಕರವರೆಗಿನ ಇಡೀ ಸರಪಳಿಯದ್ದು. ನಿಮಗೆ ಮೊದಲು ಸಿಪಿಐಎಂ. ದಿನವೂ ಕೈಯಲ್ಲಿ ಮಾಡುವ ಕೆಲಸಕ್ಕೆ ಅದು ಹೆಸರು ಮತ್ತು ಸೂತ್ರ ಕೊಡುತ್ತದೆ, ಹಾಗಾಗಿ ಓದಿದ್ದು ಮರೆಯುವುದಿಲ್ಲ. ಖರೀದಿಯ ಕಡೆ ಒಲವಿದ್ದರೆ ಆ ವೃತ್ತಿಯ ಬ್ರಿಟಿಷ್ ಸಂಸ್ಥೆ ಸಿಐಪಿಎಸ್‌ನ ಹಂತಗಳಿವೆ.

ಓದಿದ ವಾರವೇ ಒಂದು ಸೂತ್ರವನ್ನು ನಿಮ್ಮ ಘಟಕದ ಅಂಕಿಗಳ ಮೇಲೆ ಹಾಕಿ ನೋಡಿ. ಉದಾಹರಣೆಗೆ ಸುರಕ್ಷಾ ದಾಸ್ತಾನು, ಅಂದರೆ ಏರಿಳಿತಕ್ಕೆ ಎದುರಾಗಿ ಇಟ್ಟುಕೊಳ್ಳುವ ಹೆಚ್ಚುವರಿ ಸರಕು. ದಿನದ ಬೇಡಿಕೆ ಸರಾಸರಿ 200, ಪ್ರಮಾಣಿತ ವಿಚಲನೆ (ಸರಾಸರಿಯ ಆಚೀಚೆ ಸಾಮಾನ್ಯ ಏರಿಳಿತ) 40, ಸರಕು ಬರಲು 16 ದಿನ. 16ರ ವರ್ಗಮೂಲ 4, ಅದನ್ನು 40ರಿಂದ ಗುಣಿಸಿದರೆ 160. ಕೊರತೆಯಾಗದಿರುವ ಸಾಧ್ಯತೆ ಶೇಕಡ 95 ಬೇಕೆಂದರೆ 1.65ರಿಂದ ಗುಣಿಸಿ: 264. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ 16 ದಿನವೂ ಖಚಿತವಲ್ಲ, ಅದರ ವಿಚಲನೆ 3 ದಿನ ಎಂದಿಟ್ಟುಕೊಳ್ಳಿ. ಆಗ 160ರ ವರ್ಗಕ್ಕೆ 600ರ ವರ್ಗ ಸೇರುತ್ತದೆ (200 ಗುಣಿಸು 3), ಒಟ್ಟಿನ ವರ್ಗಮೂಲ ಸುಮಾರು 621, ಸುರಕ್ಷಾ ದಾಸ್ತಾನು ಸುಮಾರು 1,025. ಅಂದರೆ ಮಾರಾಟದವರ ಏರಿಳಿತಕ್ಕಿಂತ ಸಪ್ಲೈಯರ್‌ನ ಅನಿಶ್ಚಿತತೆ ನಿಮ್ಮ ಗೋದಾಮನ್ನು ತುಂಬಿಸಿದೆ. ಈ ಒಂದು ಹಾಳೆಯನ್ನು ಖರೀದಿ ಮುಖ್ಯಸ್ಥರ ಮುಂದಿಟ್ಟು 'ಬೆಲೆ ಇಳಿಸುವುದು ಬೇಡ, ಹೇಳಿದ ದಿನಕ್ಕೆ ಕೊಡಲಿ' ಎಂದು ವಾದಿಸಬಲ್ಲ ಮೇಲ್ವಿಚಾರಕಿ ಹೆಚ್ಚು ಕಾಲ ಮೇಲ್ವಿಚಾರಕಿಯಾಗಿ ಉಳಿಯುವುದಿಲ್ಲ.

ಡಿಪ್ಲೊಮಾ ಅಡ್ಡ ಬರುವುದು ಸಾಮಾನ್ಯವಾಗಿ ಒಂದು ಕಡೆ: ಘಟಕದ ಮುಖ್ಯಸ್ಥೆ ಹುದ್ದೆಯ ಆಚೆ, ಆಡಳಿತ ಮಂಡಳಿಗೆ ಹೆಸರು ಹೋಗುವಾಗ. ಆ ಹೊತ್ತಿಗೆ ಅರೆಕಾಲಿಕವಾಗಿ ಒಂದು ಪದವಿ ಕೈಯಲ್ಲಿದ್ದರೆ ಒಳ್ಳೆಯದು. ಅವಸರವೇನಿಲ್ಲ.

ಪ್ರಶ್ನೆ: ಮಾಸಿಕ ಎಸ್ ಅಂಡ್ ಒಪಿ (ಮಾರಾಟ ಮತ್ತು ಕಾರ್ಯಾಚರಣೆ ಯೋಜನೆ) ಸಭೆ ನಡೆಸುವ ಹೊಣೆ ನನಗೆ ಬಂದಿದೆ. ಇದು ಗುಮಾಸ್ತಿಕೆಯೇ, ಅವಕಾಶವೇ?

ಮಧ್ಯಮ ಹಂತದವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಅಪರೂಪ. ಮಾರಾಟ, ಉತ್ಪಾದನೆ, ಹಣಕಾಸು ಮೂವರೂ ಒಂದೇ ಮೇಜಿಗೆ ಬರುವ ಜಾಗ ಇದು, ಮತ್ತು ಅಲ್ಲಿ ಎಲ್ಲರ ಅಂಕಿ ಗೊತ್ತಿರುವ ಒಬ್ಬರೆಂದರೆ ನೀವು. ಆದರೆ ಸ್ಲೈಡ್ ಜೋಡಿಸಿ ಕೊಡುವುದಷ್ಟೇ ಮಾಡಿದರೆ ಖಂಡಿತ ಗುಮಾಸ್ತಿಕೆ.

ಚಕ್ರ ಹೀಗಿರಲಿ. ತಿಂಗಳ ಮೊದಲ ವಾರ ಹಿಂದಿನ ಅಂಕಿಗಳನ್ನು ಮುಚ್ಚಿ, ಹೊಸ ಮತ್ತು ನಿಲ್ಲಿಸುವ ಉತ್ಪನ್ನಗಳ ಪರಿಶೀಲನೆ. ಎರಡನೇ ವಾರ ಬೇಡಿಕೆ ಸಭೆ, ಅಂಕಿಗೆ ಮಾರಾಟ ವಿಭಾಗದ ಮುಖ್ಯಸ್ಥರೇ ಸಹಿ ಹಾಕಬೇಕು. ಮೂರನೇ ವಾರ ಪೂರೈಕೆ ಸಭೆ: ಯಂತ್ರ, ಜನ, ಮುಖ್ಯ ಸಪ್ಲೈಯರ್‌ಗಳ ಸಾಮರ್ಥ್ಯ. ಆಮೇಲೆ ಹಣಕಾಸಿನವರ ಜೊತೆ ಕೂತು ಅಂತರಗಳಿಗೆ ಎರಡು ಮೂರು ಪರ್ಯಾಯ ತಯಾರಿಸುವುದು. ಕೊನೆಯ ವಾರ ಮುಖ್ಯಸ್ಥರ ಸಭೆ, ಒಂದೂವರೆ ಗಂಟೆ ಮೀರದಂತೆ, ತೀರ್ಮಾನಕ್ಕೆ ಮಾತ್ರ. ನೋಟ ಕನಿಷ್ಠ ಮುಂದಿನ 18 ತಿಂಗಳು, ಉತ್ಪನ್ನದ ಗುಂಪುಗಳ ಮಟ್ಟದಲ್ಲಿ, ಒಂದೊಂದು ಬಿಡಿ ಸರಕಿನ ಮಟ್ಟದಲ್ಲಲ್ಲ.

ಕೆಡುವುದು ಎಲ್ಲಿ? ಮುಖ್ಯಸ್ಥರ ಸಭೆ ಕಳೆದ ತಿಂಗಳ ಶವಪರೀಕ್ಷೆಯಾಗಿಬಿಡುತ್ತದೆ. 'ಈ ವಾರದ ಲಾರಿ ಎಲ್ಲಿ' ಎಂಬ ಮಾತು ಬಂದ ಕೂಡಲೇ ಮುಂದಿನ ವರ್ಷದ ಮಾತು ಸತ್ತಂತೆ. ಆ ವಿಷಯಕ್ಕೆ ವಾರದ ಬೇರೆ ಸಭೆ ಇಡಿ. ಇನ್ನೊಂದು, ಮಾರಾಟದ ಗುರಿಯನ್ನೇ ಮುನ್ನಂದಾಜು ಎಂದು ಕೊಡುವುದು. ಇದನ್ನು ಹಿಡಿಯಲು ಸರಾಸರಿ ತಪ್ಪಿನ ಶೇಕಡ ಸಾಲದು, ತಪ್ಪು ಯಾವ ಕಡೆಗಿದೆ ಎಂದೂ ನೋಡಬೇಕು. ಮೂರು ತಿಂಗಳೂ 100 ಅಂದಾಜಿಸಿದ್ದೀರಿ. ಮಾರಾಟವಾದದ್ದು 80, 120, 100 ಆದರೆ ಒಟ್ಟು ಮಾರಾಟಕ್ಕೆ ಹೋಲಿಸಿದ ತಪ್ಪು ಸುಮಾರು ಶೇಕಡ 13, ಆದರೆ ಕೊನೆಗೆ ಹೆಚ್ಚು ಉಳಿದದ್ದು ಏನೂ ಇಲ್ಲ. ಮೂರು ತಿಂಗಳೂ 88 ಮಾರಾಟವಾದರೆ ತಪ್ಪು ಶೇಕಡ 14ಕ್ಕೆ ಹತ್ತಿರ, ಹೆಚ್ಚುಕಡಿಮೆ ಅಷ್ಟೇ, ಆದರೆ ಗೋದಾಮಿನಲ್ಲಿ 36 ಕೂತಿವೆ. ಮೊದಲನೆಯದಕ್ಕೆ ಸುರಕ್ಷಾ ದಾಸ್ತಾನು ಮದ್ದು. ಎರಡನೆಯದಕ್ಕೆ ಮಾರಾಟ ಮುಖ್ಯಸ್ಥರ ಜೊತೆ ಬಾಗಿಲು ಹಾಕಿಕೊಂಡು ಮಾತಾಡುವುದೇ ಮದ್ದು. ಮುಖ್ಯಸ್ಥರ ಸಭೆಯಲ್ಲಿ ಎಲ್ಲರ ಎದುರು ಅವರನ್ನು ಸಿಕ್ಕಿಸಬೇಡಿ. ಅಂಕಿ ಗೆಲ್ಲುತ್ತದೆ, ಮುಂದಿನ ತಿಂಗಳಿಂದ ನಿಮಗೆ ನಿಜವಾದ ಅಂಕಿ ಬರುವುದು ನಿಲ್ಲುತ್ತದೆ.

ಪ್ರಶ್ನೆ: ಸೇನೆಯ ಸರಬರಾಜು ವಿಭಾಗದಿಂದ ನಿವೃತ್ತನಾಗುತ್ತಿದ್ದೇನೆ. ಕಂಪನಿಗಳು ಆ ಅನುಭವವನ್ನು ಒಪ್ಪುತ್ತವೆಯೇ?

ಒಪ್ಪಿದ ದೊಡ್ಡ ಉದಾಹರಣೆ ಇದೆ. 1990–91ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ ಸೇನೆಯ ಸರಬರಾಜನ್ನು ನಡೆಸಿದ ಜನರಲ್ ವಿಲಿಯಂ ಪಗೋನಿಸ್ 1993ರಲ್ಲಿ ಸಿಯರ್ಸ್ ಎಂಬ ಚಿಲ್ಲರೆ ಮಾರಾಟ ಸಂಸ್ಥೆಯ ಲಾಜಿಸ್ಟಿಕ್ಸ್ ಮುಖ್ಯಸ್ಥರಾದರು. ಗೋದಾಮು, ಸಾಗಣೆ, ಬಿಕ್ಕಟ್ಟು ನಿರ್ವಹಣೆಯಲ್ಲಿ ನಿಮ್ಮ ಅನುಭವ ನೇರವಾಗಿ ಒದಗುತ್ತದೆ.

ಅಂತರ ಇರುವುದು ವೆಚ್ಚದಲ್ಲಿ. ಸೇನೆಯಲ್ಲಿ ಸಾಮಗ್ರಿ ಇಲ್ಲದಿರುವುದೇ ಅಪರಾಧ, ಕಂಪನಿಯಲ್ಲಿ ಹೆಚ್ಚು ಇರುವುದೂ ಅಪರಾಧ. ಹಾಗಾಗಿ ಮೊದಲ ಆರು ತಿಂಗಳು ನಗದು ಚಕ್ರವನ್ನು ಕಲಿಯಿರಿ: ದಾಸ್ತಾನಿನ ದಿನಕ್ಕೆ ಗ್ರಾಹಕರಿಂದ ಹಣ ಬರುವ ದಿನ ಕೂಡಿಸಿ, ಸಪ್ಲೈಯರ್‌ಗೆ ಕೊಡುವ ದಿನ ಕಳೆಯಿರಿ. 60ಕ್ಕೆ 45 ಕೂಡಿಸಿ 50 ಕಳೆದರೆ 55 ದಿನ ಕಂಪನಿಯ ಹಣ ಹೊರಗಿದೆ. ರೆಸ್ಯೂಮೆಯಲ್ಲಿ ಪದವಿನಾಮ, ಘಟಕದ ಸಂಖ್ಯೆ ಬೇಡ. ಎಷ್ಟು ಬಗೆಯ ಸಾಮಗ್ರಿ, ಎಷ್ಟು ವಾಹನ, ಎಷ್ಟು ಜನ, ಎಷ್ಟು ತಾಣ ಎಂದು ಬರೆಯಿರಿ.

ಪ್ರಶ್ನೆ: ಸಲಹಾ ಸಂಸ್ಥೆಯಲ್ಲಿ ಐದು ವರ್ಷ ಸಪ್ಲೈ ಚೈನ್ ಯೋಜನೆಗಳನ್ನೇ ಮಾಡಿದ್ದೇನೆ. ನೇರವಾಗಿ ಉಪಾಧ್ಯಕ್ಷ ಹುದ್ದೆಗೆ ಅರ್ಜಿ ಹಾಕಬಹುದೇ?

ಹಾಕಬಹುದು, ಕಾರ್ಯತಂತ್ರ ಅಥವಾ ಪರಿವರ್ತನೆಯ ಹೆಸರಿನ ಹುದ್ದೆಗೆ. ದಿನದ ಕಾರ್ಯಾಚರಣೆಯ ಹುದ್ದೆಗೆ ಬೇಡ. ವರದಿ ಕೊಟ್ಟು ಹೊರಟವರಿಗೂ, ಅದು ಕೆಲಸ ಮಾಡದಿದ್ದಾಗ ರಾತ್ರಿ ಪಾಳಿಯ ಫೋನ್ ಎತ್ತಿದವರಿಗೂ ವ್ಯತ್ಯಾಸವಿದೆ. ಒಂದು ದರ್ಜೆ ಕೆಳಗಿಳಿದು ಒಂದು ವಿತರಣಾ ಕೇಂದ್ರವನ್ನೋ ಘಟಕವನ್ನೋ ಎರಡು ವರ್ಷ ನಡೆಸಿ.

ಪ್ರಶ್ನೆ: ನಮ್ಮ ಕಂಪನಿಗೆ ಸಪ್ಲೈ ಚೈನ್ ಮುಖ್ಯಸ್ಥರನ್ನು ಆರಿಸಬೇಕಿದೆ. ಎಲ್ಲ ಅಭ್ಯರ್ಥಿಗಳ ಅಂಕಿಗಳೂ ಚೆನ್ನಾಗಿವೆ. ಜೊಳ್ಳು ಯಾವುದು ಎಂದು ತಿಳಿಯುವುದು ಹೇಗೆ?

'ಇಳಿಸಿದ ದಾಸ್ತಾನು ಎಲ್ಲಿ ಹೋಯಿತು?' ಎಂದು ಕೇಳಿ. ದಾಸ್ತಾನು ಕರಗುವುದು ಕಡಿಮೆ, ಜಾಗ ಬದಲಿಸುವುದು ಹೆಚ್ಚು. ಸಪ್ಲೈಯರ್‌ನ ಗೋದಾಮಿಗೆ ತಳ್ಳಿ, ಅವನು ಅದನ್ನು ಬೆಲೆಯಲ್ಲಿ ಸೇರಿಸಿರಬಹುದು. ವಿತರಕರಿಗೆ ತುಂಬಿ, ಮುಂದಿನ ತ್ರೈಮಾಸಿಕದಲ್ಲಿ ವಾಪಸು ಬಂದಿರಬಹುದು. ಹಳೆಯ ಸರಕನ್ನು ಲೆಕ್ಕದಿಂದ ತೆಗೆದುಹಾಕಿರಬಹುದು. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ತಿಂಗಳ ಕೊನೆಯ ಮೂರು ದಿನ ಲಾರಿಗಳನ್ನು ಗೇಟಿನ ಹೊರಗೇ ನಿಲ್ಲಿಸಿ ಒಂದನೇ ತಾರೀಖು ಒಳಗೆ ಬಿಡುವುದು. ಆದ್ದರಿಂದ ತಿಂಗಳ ಕೊನೆಯ ಅಂಕಿಯನ್ನಲ್ಲ, ದಿನದ ಸರಾಸರಿಯನ್ನು ಕೇಳಿ. ಜೊತೆಗೆ ಅದೇ ಅವಧಿಯ ತುರ್ತು ವಿಮಾನ ಸಾಗಣೆಯ ಖರ್ಚನ್ನೂ ಕೇಳಿ. ದಾಸ್ತಾನು ಇಳಿದು ವಿಮಾನದ ಖರ್ಚು ಏರಿದ್ದರೆ ಉಳಿತಾಯ ಬೇರೆ ಸಾಲಿನಲ್ಲಿ ಸೋರಿಹೋಗಿದೆ.

ಎರಡನೇ ಪ್ರಶ್ನೆ: 'ನಿಮ್ಮ ಕೈಕೆಳಗೆ ಯಾವ ಬಿಡಿಭಾಗ ಸಂಪೂರ್ಣ ಮುಗಿದುಹೋಗಿ ಉತ್ಪಾದನಾ ಲೈನ್ ನಿಂತಿತು? ಎಷ್ಟು ಹೊತ್ತು? ಮೊದಲು ಯಾರಿಗೆ ಹೇಳಿದಿರಿ?' ಲೈನ್ ನಿಂತೇ ಇಲ್ಲ ಎನ್ನುವವರು ಒಂದೋ ಬೆಟ್ಟದಷ್ಟು ದಾಸ್ತಾನಿಟ್ಟವರು, ಇಲ್ಲವೇ ಲೈನಿನಿಂದ ಬಹಳ ದೂರ ಕೂತವರು. ಕೆಲಸ ಬಲ್ಲವರು ಭಾಗದ ಹೆಸರು, ನಿಂತ ಗಂಟೆ, ಪರ್ಯಾಯ ಸಪ್ಲೈಯರ್‌ನ ಮಾದರಿಗೆ ಗುಣಮಟ್ಟ ವಿಭಾಗದ ಒಪ್ಪಿಗೆ ಸಿಗಲು ಹಿಡಿದ ದಿನ, ಎಲ್ಲವನ್ನೂ ತಡವರಿಸದೆ ಹೇಳುತ್ತಾರೆ. ಗ್ರಾಹಕರಿಗೆ ತಾವೇ ಫೋನ್ ಮಾಡಿದ್ದಾಗಿ ಹೇಳಿದರೆ, ಹಿಂದಿನ ಕಂಪನಿಯಲ್ಲಿ ವಿಚಾರಿಸುವಾಗ ಮಾರಾಟ ವಿಭಾಗದವರನ್ನು ಕೇಳಿ, ಸಪ್ಲೈ ಚೈನ್‌ನವರನ್ನಲ್ಲ.